ಯಾವ ಕಲ್ಯಾಣ?

ಪ್ರಶ್ನೆ: ಡೊಂಬಿವಲಿ ಪಕ್ಕದ ಕಲ್ಯಾಣ ಬಸವಣ್ಣನವರ ಕಲ್ಯಾಣವೇ? ಠಾಣೆ ಸೀಮೆಗೆ ಈ ಸಿರಿ ಬಂದದ್ದೆಲ್ಲಿಂದ?

ಉತ್ತರ: ಅಲ್ಲ, ಬಸವಣ್ಣನವರ ಕಲ್ಯಾಣ ಬೀದರ್ ಜಿಲ್ಲೆಯದು. ಇದು ಉಲ್ಹಾಸ್ ನದಿಯ ಖಾಡಿದಂಡೆಯ ಹಳೇ ಬಂದರು. 1ನೇ ಶತಮಾನದ ಗ್ರೀಕ್ ಕೈಪಿಡಿ 'ಪೆರಿಪ್ಲಸ್'ನಲ್ಲೇ ಇದರ ಹೆಸರಿದೆ. ಕನ್ನಡದ ನಂಟು ಬೇಕೆಂದರೆ ಅದೂ ಉಂಟು: ಇಲ್ಲಿ ಆಳಿದ ಶಿಲಾಹಾರರು ಮೊದಲು ನಮ್ಮ ರಾಷ್ಟ್ರಕೂಟರ ಸಾಮಂತರು.

ಹಡಗಿನ ಕಾಲ ಮುಗಿದ ಮೇಲೆ ರೈಲು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ಗಾಡಿ ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ 34 ಕಿ.ಮೀ. ಓಡಿತು, ಮರುವರ್ಷ ಕಲ್ಯಾಣಕ್ಕೂ ಹಳಿ. 1970ರಲ್ಲಿ ಸರ್ಕಾರಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಹುಟ್ಟಿತು, ಭತ್ತದ ಗದ್ದೆಗಳಿದ್ದಲ್ಲಿ ನವಿ ಮುಂಬಯಿ ಎದ್ದಿತು. 1989ರಲ್ಲಿ ನ್ಹಾವಾಶೇವಾ ಬಂದರು.

ಸಿರಿಯೇನೋ ನಿಜ. ಆದರೆ ಬೆಳಿಗ್ಗೆ ಎಂಟರ ಫಾಸ್ಟ್ ಲೋಕಲ್‌ನಲ್ಲಿ ಡೊಂಬಿವಲಿಯವರು ಚೀಲವನ್ನು ಎದೆಗೆ ತೂಗಿಕೊಂಡು, ಒಂದು ಕಾಲೂರಲು ಜಾಗ ಹುಡುಕುತ್ತಿರುತ್ತಾರೆ.