ಪರೋಪಜೀವಿಗ್ರಸ್ತವಾದ ಶಂಬೂಕಗಳ ಸಂತಾನವಿಚಾರ

ಲೋಕದಲ್ಲಿ ಬಸವನಹುಳುವೆಂದು ಪ್ರಸಿದ್ಧವಾದ ಪ್ರಾಣಿಯ ಜಲಚರಭೇದಕ್ಕೆ ಸಂಸ್ಕೃತದಲ್ಲಿ ಶಂಬೂಕವೆಂದು ಹೆಸರು. ಅಮರಸಿಂಹನು ಈ ಪದವನ್ನು ವಾರಿವರ್ಗದಲ್ಲಿ ಸೇರಿಸಿರುವನು. ಸಿಹಿನೀರಿನ ಶಂಬೂಕಗಳಲ್ಲಿ ಕೆಲವು ದನಕರುಗಳ ರೋಗಕ್ಕೆ ಕಾರಣವಾದ ಕ್ರಿಮಿಗಳಿಗೆ ಆಶ್ರಯವಾಗಿರುವುದರಿಂದ, ಅವುಗಳ ಸಂತಾನವಿಚಾರವು ಕೇವಲ ಕುತೂಹಲದ ವಿಷಯವಲ್ಲ.

ಭದ್ರಾವತಿಯ ನ್ಯೂ ಟೌನ್ 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಕಬ್ಬಿಣದ ಕಾರ್ಖಾನೆಯ ಆಶ್ರಯದಲ್ಲಿ ಬೆಳೆದುದಾದರೂ, ಅದರ ಸುತ್ತಣ ಸೀಮೆಯು ಭದ್ರಾ ನಾಲೆಗಳ ನೀರಿನಿಂದ ಬೆಳೆಯುವ ಗದ್ದೆಗಳದು. ಇಂತಹ ಗದ್ದೆಕೆರೆಗಳ ನಿಂತ ನೀರೇ ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್ ಎಂಬ ಶಂಬೂಕದ ವಾಸಸ್ಥಾನ. ಭಾರತದಲ್ಲೆಲ್ಲ ಹರಡಿರುವ ಈ ಪ್ರಾಣಿಯ ಚಿಪ್ಪು ಸುತ್ತಿಟ್ಟ ಹಗ್ಗದಂತೆ ಚಪ್ಪಟೆಯಾಗಿರುವುದು. ದನಗಳ ಮೂಗಿನ ರಕ್ತನಾಳಗಳಲ್ಲಿ ನೆಲೆಸಿ ಗೊರಕೆ ರೋಗವನ್ನುಂಟುಮಾಡುವ ಕ್ರಿಮಿಯು ಮರಿಯಾಗಿರುವಾಗ ಇದರಲ್ಲಿಯೇ ಬೆಳೆಯುವುದು. ಆ ಕ್ರಿಮಿಯನ್ನು 1933ರಲ್ಲಿ ವರ್ಣಿಸಿದವರು ಮದರಾಸಿನ ಎಂ. ಅನಂತನಾರಾಯಣ ರಾವ್ ಅವರು. ಯಕೃತ್ತಿನ ಚಪ್ಪಟೆ ಹುಳುವಿಗಾದರೋ ಲಿಮ್ನೀಯಾ ಎಂಬ ಬೇರೊಂದು ಶಂಬೂಕವು ಆಶ್ರಯವಾಗಿದೆ.

ಇಂಡೋಪ್ಲಾನಾರ್ಬಿಸ್ ಉಭಯಲಿಂಗಿ. ಒಂದೇ ಅಂಗದಲ್ಲಿ ಸ್ತ್ರೀಬೀಜವೂ ಪುಂಬೀಜವೂ ಹುಟ್ಟುವುವು. ಜೊತೆ ದೊರೆಯದಿದ್ದರೆ ಒಂಟಿಯಾಗಿಯೇ ಸಂತಾನವನ್ನು ಪಡೆಯಬಲ್ಲುದು. ಬೀಜವು ಫಲಿತವಾದ ಮೇಲೆ ಶ್ವೇತಕಗ್ರಂಥಿಯು ಅದಕ್ಕೆ ಪೋಷಕದ್ರವವನ್ನು ಸುತ್ತುವುದು. ಮೊಟ್ಟೆಯೊಳಗಿನ ಮರಿಗೆ ಅದೇ ಬುತ್ತಿ. ಅನೇಕ ಮೊಟ್ಟೆಗಳು ಒಂದೇ ಲೋಳೆಯ ಕೋಶದಲ್ಲಿ ಸೇರಿ ನೀರಿನ ಗಿಡಗಳ ಎಲೆಗಳಿಗೆ ಅಂಟಿಕೊಂಡಿರುವುವು.

ಕ್ರಿಮಿಯ ಸೂಕ್ಷ್ಮಮರಿಯು ಶಂಬೂಕವನ್ನು ಹೊಕ್ಕು, ಅಲ್ಲಿ ಒಂದು ಅನೇಕವಾಗಿ ಜೀರ್ಣಗ್ರಂಥಿಯನ್ನು ವ್ಯಾಪಿಸುವುದು. ಬೀಜಾಂಗವು ಅದಕ್ಕೆ ಹತ್ತಿಕೊಂಡೇ ಇರುವುದರಿಂದ ಅದಕ್ಕೂ ಹಾನಿಯು ತಪ್ಪದು. ಆದರೆ ಆಹಾರಾಪಹರಣವೊಂದೇ ಕಾರಣವಲ್ಲ. ಲಿಮ್ನೀಯಾ ಸ್ಟ್ಯಾಗ್ನಾಲಿಸ್ ಎಂಬ ಯೂರೋಪಿನ ಶಂಬೂಕದಲ್ಲಿ ಡಚ್ ವಿದ್ವಾಂಸರು ನಡೆಸಿದ ಪರಿಶೋಧನೆಗಳಿಂದ, ಸೋಂಕು ತಗುಲಿದಾಗ ಶಿಸ್ಟೋಸೋಮಿನ್ ಎಂಬ ದ್ರವ್ಯವು ರಕ್ತದಲ್ಲಿ ಸೇರಿ, ಮೊಟ್ಟೆಯಿಡುವುದನ್ನೂ ಶ್ವೇತಕಗ್ರಂಥಿಯನ್ನೂ ಪ್ರೇರಿಸುವ ರಸಗಳನ್ನು ತಡೆಯುವುದೆಂದು ತಿಳಿದುಬಂದಿದೆ. ಹೀಗೆ ಮೊಟ್ಟೆಗಳ ಸಂಖ್ಯೆಯೂ ಅವುಗಳ ಬುತ್ತಿಯೂ ಏಕಕಾಲದಲ್ಲಿ ಕುಂದುವುವು. ಇದಕ್ಕೆ ಪರೋಪಜೀವಿಕೃತ ಷಂಡತ್ವವೆಂದು ಹೆಸರಿಡಬಹುದು. ಶಂಬೂಕವು ಬದುಕಿರುವುದು, ಉಣ್ಣುವುದು. ಆದರೆ ಅದು ತಿಂದುದೆಲ್ಲವೂ ಪರರ ಸಂತತಿಗಾಗಿ.

ಇಲ್ಲಿಯೇ ಒಂದು ವಿಚಿತ್ರವುಂಟು. 1981ರಲ್ಲಿ ಮಿಂಚೆಲ್ಲಾ ಮತ್ತು ಲೊವರ್ಡ್ ಎಂಬ ಅಮೆರಿಕದ ವಿದ್ವಾಂಸರು ಬಯೋಂಫಲೇರಿಯಾ ಎಂಬ ಶಂಬೂಕದಲ್ಲಿ, ಸೋಂಕಿನ ಆರಂಭದಲ್ಲಿ ಮೊಟ್ಟೆಗಳು ಕಡಿಮೆಯಾಗದೆ ಹೆಚ್ಚುವುದನ್ನು ತೋರಿಸಿದರು. ಮುಂದೆ ಷಂಡತ್ವವು ಬರುವುದಕ್ಕೆ ಮೊದಲೇ ಸಾಧ್ಯವಾದಷ್ಟು ಸಂತಾನವನ್ನು ಪಡೆಯುವ ಯತ್ನವಿದೆಂದು ಅವರ ವ್ಯಾಖ್ಯಾನ. ಆದುದರಿಂದ ಮೊಟ್ಟೆಗಳ ಸಮೃದ್ಧಿಯನ್ನು ಕಂಡು ಶಂಬೂಕವು ನಿರೋಗಿಯೆಂದು ನಿಶ್ಚಯಿಸಲಾಗದು.

ರೋಗಗ್ರಸ್ತ ಶಂಬೂಕದ ಮೊಟ್ಟೆಯಿಂದ ಹುಟ್ಟಿದ ಮರಿಗೆ ಕ್ರಿಮಿಯು ಬರುವುದೋ ಎಂಬ ಪ್ರಶ್ನೆಗೆ ಉತ್ತರವು ಸ್ಪಷ್ಟ: ಬಾರದು. ಈ ವರ್ಗದ ಕ್ರಿಮಿಗಳು ಶಂಬೂಕದ ಮೊಟ್ಟೆಯನ್ನು ಪ್ರವೇಶಿಸುವುದಿಲ್ಲ. ಹುಟ್ಟುವ ಮರಿಯು ಶುದ್ಧವಾಗಿಯೇ ಹುಟ್ಟುವುದು. ಪ್ರತಿಯೊಂದು ಪೀಳಿಗೆಯ ಶಂಬೂಕಕ್ಕೂ ರೋಗವು ದನಗಳ ಸೆಗಣಿ ಅಥವಾ ಮೂಗಿನ ಸ್ರಾವದೊಡನೆ ನೀರಿಗೆ ಬಿದ್ದ ಕ್ರಿಮಿಯ ಮೊಟ್ಟೆಗಳಿಂದಲೇ ಹೊಸದಾಗಿ ತಗುಲಬೇಕು.

ಷಂಡತ್ವದಿಂದ ಶಂಬೂಕಕುಲವೇ ನಶಿಸಿ ರೋಗವು ತಾನಾಗಿ ತೊಲಗುವುದೆಂಬ ಆಶೆಯೂ ಸಲ್ಲದು. ಒಂದು ಕೊಳದಲ್ಲಿ ಸೋಂಕುಳ್ಳವು ಸಾಮಾನ್ಯವಾಗಿ ಅಲ್ಪಸಂಖ್ಯೆಯವು. ಉಳಿದವು ಯಥೇಚ್ಛವಾಗಿ ವೃದ್ಧಿಹೊಂದುವುವು. ನಾಲೆಯ ನೀರು ನಿಂತು ಗದ್ದೆ ಒಣಗಿದಾಗ ಲೋಳೆಯ ಮೊಟ್ಟೆಗಳು ಸಾಯುವುವು. ಆದರೆ ಬೆಳೆದ ಶಂಬೂಕಗಳು ಕೆಸರಿನಲ್ಲಿ ಹುದುಗಿ ಮಳೆಗಾಲಕ್ಕೆ ಮರಳಿ ಬರಬಲ್ಲವು. ಆದಕಾರಣ ಶಂಬೂಕವನ್ನು ನಿರ್ಮೂಲಮಾಡುವುದಕ್ಕಿಂತ ದನಕ್ಕೂ ಅದಕ್ಕೂ ಇರುವ ಸಂಬಂಧವನ್ನು ಕಡಿಯುವುದೇ ಸುಲಭೋಪಾಯ. ಸೆಗಣಿಯನ್ನು ನೀರಿಗೆ ಬಿಡದೆ ತಿಪ್ಪೆಯಲ್ಲಿ ಕಳಿಸುವುದು, ನಿಂತ ನೀರಿಗೆ ದನಗಳನ್ನು ಇಳಿಸದೆ ಬಾವಿಯ ನೀರನ್ನು ತೊಟ್ಟಿಯಲ್ಲಿ ಕುಡಿಸುವುದು, ರೋಗದ ದನಕ್ಕೆ ಕಾಲದಲ್ಲಿ ಚಿಕಿತ್ಸೆ ಮಾಡಿಸುವುದು – ಇವುಗಳಿಂದ ಶುದ್ಧವಾಗಿ ಹುಟ್ಟಿದ ಶಂಬೂಕವು ಶುದ್ಧವಾಗಿಯೇ ಉಳಿಯುವುದು. ಅದರಿಂದ ಕೊಟ್ಟಿಗೆಗೂ ಕ್ಷೇಮವು.