ಹಾವಿಗೂ ಹೀಟರ್ ಬೇಕೆ?

ಚನ್ನಗಿರಿಯ ಅಡಿಕೆ ತೋಟವಿರಲಿ, ಹೊನ್ನಾಳಿ, ನ್ಯಾಮತಿಯ ಗದ್ದೆ ಬದುವಿರಲಿ, ಜಗಳೂರಿನ ಬಂಡೆಯಿರಲಿ, ಚಳಿಗಾಲದ ಬೆಳಗ್ಗೆ ಕೇರೆಹಾವು ಬಿಸಿಲು ಕಾಯಿಸುವುದನ್ನು ಅಜ್ಜ ಅಜ್ಜಿಯರು ಕಂಡೇ ಇರುತ್ತಾರೆ. ಮೈ ಬೆಚ್ಚಗಾಗದಿದ್ದರೆ ಅದು ನುಂಗಿದ ಇಲಿಯೂ ಸರಿಯಾಗಿ ಅರಗದು.

ವಿದೇಶಗಳಲ್ಲಿ ಹಾವು ಸಾಕುವವರು ಗಾಜಿನ ಪೆಟ್ಟಿಗೆಯ ಒಂದು ತುದಿಗೆ ಮಾತ್ರ ಹೀಟರ್ ಇಡುತ್ತಾರೆ. ಇನ್ನೊಂದು ತುದಿ ತಂಪಾಗಿರಬೇಕು. ಥರ್ಮೋಸ್ಟಾಟ್ ಅಂತೂ ಬೇಕೇ ಬೇಕು. ಇಲ್ಲದಿದ್ದರೆ ಹಾವು ಕಾದ ನೆಲದ ಮೇಲೇ ಮಲಗಿ ಮೈ ಸುಟ್ಟುಕೊಳ್ಳಬಹುದು! ತಾಯಿ ಹೆಬ್ಬಾವಿಗೆ ಯಂತ್ರವೇ ಬೇಡ. ಮೊಟ್ಟೆಗಳನ್ನು ಸುತ್ತಿಕೊಂಡು, ಮೈ ನಡುಗಿಸಿ ಕಾವು ಕೊಡುತ್ತದೆ.

ಮಕ್ಕಳೇ, ನಮ್ಮೂರ ಹಾವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಬಣವೆಯ ಬಳಿ ಕಂಡರೆ ಕೋಲೆತ್ತಬೇಡಿ, ಹತ್ತಿರವೂ ಹೋಗಬೇಡಿ, ದೊಡ್ಡವರಿಗೆ ತಿಳಿಸಿ. ಮೈ ಬಿಸಿಯಾದ ಮೇಲೆ ಸಾಮಾನ್ಯವಾಗಿ ಅದೇ ಹೊರಟುಹೋಗುತ್ತದೆ.