ಸುಟ್ಟದ್ದು ಕಾಯಿಲ್, ಕಾರಣ ಬೇರೆ

ವಾನಳ್ಳಿ ಸುತ್ತಲಿನ ಅಡಿಕೆ ತೋಟಗಳಲ್ಲಿ ಮಾರ್ಚ್ ಬಂತೆಂದರೆ ಪಂಪಿನ ಸ್ಟಾರ್ಟರ್‌ನದೇ ಚಿಂತೆ. ಹಸಿರು ಗುಂಡಿ ಒತ್ತಿದರೆ ಕಾಂಟ್ಯಾಕ್ಟರ್ ಟರ್ರೆಂದು ನಡುಗಿ ಬಿಟ್ಟುಬಿಡುತ್ತದೆ, ಡಬ್ಬಿ ತೆರೆದರೆ ಕಮಟು ವಾಸನೆ. ಕಾಯಿಲ್ ಹೋಯಿತು, ಹೊಸದು ಹಾಕಿದರಾಯಿತು ಎಂದು ಕೆಲಸ ಮುಗಿಸುತ್ತೇವೆ. ಆದರೆ ಕಾಯಿಲ್ ತಾನಾಗಿ ಸುಡುವುದು ಕಡಿಮೆ. ಕರೆಂಟು ಬಂದೊಡನೆ ಅದು ಎದುರಿನ ಕಬ್ಬಿಣದ ಅಚ್ಚನ್ನು ಸೆಳೆದು ಕೂರಿಸಿಕೊಳ್ಳಬೇಕು. ಸೆಳೆಯುವಾಗ ಎಳೆಯುವ ಕರೆಂಟು, ಕೂತ ಮೇಲಿನದಕ್ಕಿಂತ ಹಲವು ಪಟ್ಟು ಹೆಚ್ಚು. ಅಚ್ಚು ಪೂರ್ತಿ ಕೂರದಿದ್ದರೆ ಆ ಕರೆಂಟು ಇಳಿಯುವುದೇ ಇಲ್ಲ, ಸುತ್ತಿದ ತಂತಿ ಬೆಂದುಹೋಗುತ್ತದೆ. ಬೆಚ್ಚಗಿನ ಡಬ್ಬಿಯೊಳಗೆ ಸೇರಿಕೊಂಡ ಇರುವೆಗಳು ಎರಡು ಕಬ್ಬಿಣದ ನಡುವೆ ಅಪ್ಪಚ್ಚಿಯಾಗಿ ಅಂಟಿಕೊಂಡರೂ ಸಾಕು, ಮಳೆಗಾಲದ ತುಕ್ಕು ಕೂತರೂ ಸಾಕು, ಅಚ್ಚು ಕೂರದಷ್ಟು ಸಂದು ಉಳಿಯುತ್ತದೆ.

ಇನ್ನೊಂದು ಕಾರಣ ವೋಲ್ಟೇಜು. 415 ವೋಲ್ಟಿನ ಕಾಯಿಲ್‌ಗೆ ಶೇ 85, ಅಂದರೆ ಸುಮಾರು 353 ವೋಲ್ಟ್ ಆದರೂ ಸಿಗಬೇಕು. ಕಾಡಿನ ನಡುವೆ ದೂರದ ಟ್ರಾನ್ಸ್‌ಫಾರ್ಮರಿನಿಂದ ಎಳೆದ ಲೈನಿನ ಕೊನೆಯಲ್ಲಿ, ಎಲ್ಲರ ಪಂಪೂ ಓಡುವ ಹೊತ್ತಿಗೆ ಅಷ್ಟು ಉಳಿಯುವುದು ಕಷ್ಟ. ಪಂಪ್ ನಿಂತಾಗ ಮೀಟರು ಹಿಡಿದು 'ವೋಲ್ಟೇಜು ಸರಿಯಿದೆ' ಎನ್ನುವುದರಲ್ಲಿ ಅರ್ಥವಿಲ್ಲ. ಮೋಟಾರು ಹೊರಡುವಾಗ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಮುಳ್ಳು ಎಲ್ಲಿಗೆ ಬೀಳುತ್ತದೆಂದು ನೋಡಬೇಕಾದ್ದು ಆಗ. ಕರೆಂಟು ಬಂದೊಡನೆ ಪಂಪ್ ಹೊರಡಿಸುವ ಆಟೋ ಸ್ವಿಚ್ ಇದ್ದಲ್ಲಿ ಈ ಹೊರಡುವ ಯತ್ನ ಯಾರೂ ಇಲ್ಲದಾಗಲೂ ಮತ್ತೆ ಮತ್ತೆ ನಡೆಯುತ್ತದೆ.

ತೋಟ ಒಣಗುತ್ತಿರುವಾಗ ಪರೀಕ್ಷೆಗೆ ಪುರುಸೊತ್ತೆಲ್ಲಿ, ಕಾಯಿಲ್ ಬೆಲೆಯೇನು ಮಹಾ ಎಂಬ ಮಾತಿದೆ. ತೋಟದ ಅವಸರ ನಿಜವೇ. ಆದರೆ ಕಾಯಿಲ್ಲನ್ನು ಸುಟ್ಟ ಅದೇ ವೋಲ್ಟೇಜಿನಲ್ಲಿ ಮೋಟಾರೂ ಕಾಯುತ್ತಿರುತ್ತದೆ, ರಿವೈಂಡಿಂಗ್ ಖರ್ಚಿನ ಮುಂದೆ ಕಾಯಿಲ್‌ನದು ಲೆಕ್ಕಕ್ಕಿಲ್ಲ. ಇನ್ನು ಕೆಲವರು ಕಾಂಟ್ಯಾಕ್ಟರಿಗೆ ಕಟ್ಟಿಗೆ ಚೂರು ಒತ್ತಿ ಪಂಪ್ ಓಡಿಸುತ್ತಾರೆ. ಇದನ್ನು ಯಾವ ಅವಸರವೂ ಸಮರ್ಥಿಸದು. ಓವರ್‌ಲೋಡ್ ರಿಲೇ ಮೋಟಾರಿನ ಲೈನನ್ನು ನೇರವಾಗಿ ಕತ್ತರಿಸುವುದಿಲ್ಲ, ಕಾಯಿಲ್‌ನ ಕರೆಂಟು ತಪ್ಪಿಸುತ್ತದೆ, ಅಷ್ಟೆ. ಅಚ್ಚನ್ನೇ ಒತ್ತಿ ಹಿಡಿದ ಮೇಲೆ ರಿಲೇ ಬಿದ್ದರೂ ಮೋಟಾರು ನಿಲ್ಲದು. ಒಂದು ಫೇಸ್ ಹೋದರೂ ಸುಡುವವರೆಗೆ ಎಳೆಯುತ್ತಲೇ ಇರುತ್ತದೆ. ಹೋದ ಕರೆಂಟು ಬಂದಾಗ, ಫುಟ್‌ವಾಲ್ವ್ ಬಿಚ್ಚಲು ಬಾವಿಗೆ ಇಳಿದವರಿದ್ದರೂ, ಪಂಪ್ ತಾನೇ ಹೊರಡುತ್ತದೆ.

ಹಾಗಾಗಿ ಹೊಸ ಕಾಯಿಲ್ ಕೂರಿಸುವ ಮೊದಲು ಮೇನ್ ಸ್ವಿಚ್ ತೆಗೆದು, ಕರೆಂಟಿಲ್ಲವೆಂದು ಟೆಸ್ಟರಿನಲ್ಲಿ ಖಾತ್ರಿ ಮಾಡಿಕೊಂಡು, ಅಚ್ಚಿನ ಮುಖ ಒರೆಸಿ, ಅದು ಸಲೀಸಾಗಿ ಆಡುತ್ತದೆಯೇ ನೋಡಬೇಕು. ರಿಲೇ ಮುಳ್ಳು ಮೋಟಾರಿನ ಫಲಕದಲ್ಲಿ ಬರೆದ ಆಂಪಿಯರಿಗೇ ಇರಲಿ. ಹೊರಡುವಾಗಿನ ವೋಲ್ಟೇಜನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ, ಮೂರೂ ಫೇಸಿನದನ್ನು ದಿನ, ಹೊತ್ತು ಸಮೇತ ಬರೆದು ಹೆಸ್ಕಾಂ ಸೆಕ್ಷನ್ ಆಫೀಸಿಗೆ ಕೊಡಬೇಕು. 'ವೋಲ್ಟೇಜಿಲ್ಲ' ಎಂಬ ಬಾಯಿಮಾತಿನ ದೂರಿಗಿಂತ ಆ ಅಂಕಿಗಳನ್ನು ತಳ್ಳಿಹಾಕುವುದು ಕಷ್ಟ.